ಹಾಲು ಕುಡಿದ ಹಾವಿನ ನಾಣ್ಯ

ಸಹನಾ, ಸಮರ್ಥ,

ಹೋದ ಭಾನುವಾರ ನೀವು ಗೋಕಾಕದಿಂದ ಮೂಡಲಗಿಗೆ, ಅಜ್ಜಿಯ ಮನೆಗೆ ಬಂದಾಗ ದೇವರ ಗೂಡಿನ ಪಕ್ಕದಲ್ಲಿದ್ದ ಸಣ್ಣ ಬಟ್ಟೆಯ ಚೀಲವನ್ನು ಬಿಚ್ಚಿ ನೋಡಿದಿರಿ. ಒಳಗಿನ ಹಾವಿನ ನಾಣ್ಯವನ್ನು ನೋಡಿದ ಕೂಡಲೇ ಗುರುತು ಹಿಡಿದಿರಿ. "ಆಯಿ, ಇದು ಡಾಕ್ಟರ ಅಜ್ಜಂದು. ಇದಕ್ಕ ಹಾಲು ಕುಡಿಸ್ಯಾರ ಅಂತಿದ್ರಲ್ಲ, ಯಾರು ಕುಡಿಸಿದ್ರು?" ಎಂದು ಸಹನಾ ಕೇಳಿದಳು. ರೊಟ್ಟಿ ಹೊತ್ತುತ್ತದೆ ಎಂದು ನಾನು ಅಡುಗೆಮನೆಗೆ ಹೋದೆ. ಹಂಚಿನ ಮೇಲೆ ರೊಟ್ಟಿ ಇರಲಿಲ್ಲ.

ಎದುರಿಗೆ ಕುಳಿತವರಿಗೆ ಉದ್ದಕ್ಕೆ ಏನಾದರೂ ಹೇಳುವುದು ನನ್ನಿಂದ ಮೊದಲಿನಿಂದಲೂ ಆಗದು. ತುಕ್ಕಾನಟ್ಟಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಉತ್ತರ ಗೊತ್ತಿರುತ್ತಿತ್ತು, ಎದ್ದು ನಿಂತರೆ ಬಾಯಿ ಬರುತ್ತಿರಲಿಲ್ಲ. ಪಾಟಿಯ ಮೇಲೆ ಬರೆ ಎಂದರೆ ಬರೆಯುತ್ತಿದ್ದೆ. ಆದ್ದರಿಂದ ಸಮರ್ಥ ಇಲ್ಲಿ ಬಿಟ್ಟುಹೋದ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಸಹನಾಳ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ.

ಡಾಕ್ಟರು ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡು ಒಂದೂವರೆ ತಿಂಗಳಾಯಿತು. ಬೆಳಗಿನ ಚಹಾ ಕುಡಿದು, ಕಪ್ಪು ಬಸಿ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೆಯೇ ಹೋದರಂತೆ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಇದ್ದರೂ ಒಮ್ಮೆಯೂ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಈಗ ಕೈಗೂ ಬರುತ್ತಿಲ್ಲ.

ನಿಜ ಹೇಳಬೇಕೆಂದರೆ ಅವರು ಡಾಕ್ಟರೂ ಅಲ್ಲ. ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಹುಕ್ಕೇರಿಯಿಂದ ಮೂಡಲಗಿಗೆ ಬಂದವರು. ಮೊದಮೊದಲು ಯಾರಾದರೂ ಡಾಕ್ಟರ್ರ ಎಂದರೆ ತಿದ್ದುತ್ತಿದ್ದರು. ಆಮೇಲೆ ಬಿಟ್ಟುಬಿಟ್ಟರು. ಇನ್ಸ್‌ಪೆಕ್ಟರ್ ಎಂದರೆ ಜನ ಪೊಲೀಸರೆಂದು ಹೆದರುತ್ತಾರೆ, ಡಾಕ್ಟರ್ ಎಂದರೆ ದನ ಕೂಡ ಹೆದರುವುದಿಲ್ಲ, ಇದೇ ಚಲೋ ಎನ್ನುತ್ತಿದ್ದರು.

ಉದ್ದನೆಯ ಮನುಷ್ಯ. ಸದಾ ಅರ್ಧ ತೋಳಿನ ಬಿಳಿ ಅಂಗಿ. ಸ್ಕೂಟರಿಗೆ ಔಷಧದ ಚೀಲ ಕಟ್ಟಿಕೊಂಡು ಕಲ್ಲೋಳಿ, ತುಕ್ಕಾನಟ್ಟಿ ಕಡೆ ಹೋದರೆಂದರೆ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬೇಕು, ಏಕೆಂದರೆ ಅವರು ಜೈನರು, ಕತ್ತಲಾದ ಮೇಲೆ ಉಣ್ಣುತ್ತಿರಲಿಲ್ಲ. ಎಷ್ಟೋ ದಿನ ಯಾರದೋ ಕೊಟ್ಟಿಗೆಯಲ್ಲಿ ಆಕಳು ಈಯಲು ತಡಮಾಡಿತೆಂದು ಉಪವಾಸ ಮಲಗಿದ್ದಾರೆ. ಮರುದಿನ ಕೇಳಿದರೆ, ಕರುವಿಗೆ ಗಡಿಯಾರ ನೋಡಲು ಬರುವುದಿಲ್ಲವಲ್ಲ ಎನ್ನುವರು.

ಮನುಷ್ಯರ ಜೊತೆ ಕನ್ನಡ ಮಾತಾಡುವರು, ದನಗಳ ಜೊತೆ ಮರಾಠಿ. ನಮ್ಮ ಓಣಿಯವರಿಗೆಲ್ಲ ಇದು ನಗೆ. ಹೀಗೇಕೆ ಎಂದು ಯಾರೋ ಕೇಳಿದಾಗ ಅವರು ಹೇಳಿದ್ದು: "ಕನ್ನಡದಾಗ ಅವಕ್ಕ ದಿನಾ ಎಲ್ಲಾರೂ ಬೈತಾರ. ಇದ ಕೇಳಿದ್ರ ಯಾರೋ ಹೊಸಾವ್ರು ಬಂದಾರ ಅಂತ ಸುಮ್ನ ನಿಂದರ್ತಾವ."

ನಿಮ್ಮ ಅಜ್ಜ ಹೋದಾಗ ನಿಮ್ಮ ಅವ್ವ ಮೂರನೆಯ ಇಯತ್ತೆಯಲ್ಲಿದ್ದಳು. ನಮಗೆ ಉಳಿದದ್ದು ಒಂದು ಎಮ್ಮೆ. ಹಾಲು ಹಾಕಿ ಮನೆ ನಡೆಸುತ್ತಿದ್ದೆ. ಅದೇ ವರ್ಷ ಮಳೆಗಾಲದಲ್ಲಿ ಆ ಎಮ್ಮೆ ಕೆರೆಯ ದಂಡೆಯಲ್ಲಿ ಜಾರಿ ಬಿದ್ದು ಹಿಂಗಾಲು ಎಳೆಯತೊಡಗಿತು. ಕುಂಟ ಎಮ್ಮೆ ಗಬ್ಬ ನಿಲ್ಲುವುದಿಲ್ಲ, ಬಂದಷ್ಟು ಬರಲಿ ಕೊಟ್ಟುಬಿಡು ಎಂದು ಬಂಧುಗಳು ಹೇಳಿದರು. ಕೊಳ್ಳುವವನೂ ಬಾಗಿಲಿಗೆ ಬಂದಿದ್ದ. ಕೊಂಡು ಎಲ್ಲಿಗೆ ಒಯ್ಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಪಕ್ಕದ ಮನೆಯಿಂದ ಬಂದು, ಮೊಣಕಾಲೂರಿ ಕುಳಿತು, ಎಮ್ಮೆಯ ಸೊಂಟವನ್ನು ಬೆರಳುಗಳಿಂದ ಒತ್ತಿ ಒತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನನ್ನ ಕಡೆ ತಿರುಗಿದರು.

"ಗುಣಾ ಆಗೂದಿಲ್ಲ," ಎಂದರು. ಕೊಳ್ಳುವವನು ಎಮ್ಮೆಯ ಹಗ್ಗಕ್ಕೆ ಕೈ ಹಾಕಿದ. "ಸಾಯೂದೂ ಇಲ್ಲ. ಮನ್ಯಾಗ ಇರಲಿ."

ಈ ಮಾತು ಅವರು ನನಗೊಬ್ಬಳಿಗೇ ಹೇಳಿದ್ದಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮುದಿ ಎತ್ತು, ಕುರುಡು ಆಕಳುಗಳ ಮುಂದೆ ನಿಂತು ಇದನ್ನೇ ಹೇಳಿದ್ದಾರೆ. ಮೊದಲಿನ ಎರಡು ಮಾತಿನ ನಡುವೆ ಒಂದು ಉಸಿರಿನಷ್ಟು ತಡೆಯುತ್ತಿದ್ದರು. ಆ ಉಸಿರು ಬಹಳ ಉದ್ದ ಎಂದು ಕೇಳಿದವರಿಗೆ ಗೊತ್ತು. ನಮ್ಮ ಎಮ್ಮೆ ಕುಂಟುತ್ತಲೇ ಐದು ಸಲ ಈಯಿತು. ಈಗ ಕೊಟ್ಟಿಗೆಯಲ್ಲಿ ಸಮರ್ಥನ ಅಂಗಿ ನೆಕ್ಕುವ ಎಮ್ಮೆ ಅದರ ವಂಶದ್ದೇ. ನಿಮ್ಮ ಅವ್ವ ಕಲಿತದ್ದು ಆ ಹಾಲಿನ ಮೇಲೆ. ಅಲ್ಲಿಯವರೆಗೆ ನನ್ನನ್ನು ಬಾಯಾರ ಎನ್ನುತ್ತಿದ್ದವರು ಅಂದಿನಿಂದ ತಂಗೆವ್ವ ಎನ್ನತೊಡಗಿದರು. ನನಗೆ ಅಣ್ಣತಮ್ಮಂದಿರಿಲ್ಲ. ಮರುದಿನದಿಂದ ಅವರ ಮನೆಗೆ ಹಾಲು ಹಾಕುವಾಗ ಮೇಲೆ ಒಂದು ಸೌಟು ಹೆಚ್ಚಿಗೆ ಸುರಿಯುತ್ತಿದ್ದೆ. ಅವರಿಗೆ ತಿಳಿದಿತ್ತು.

ನಾಣ್ಯದ ಹುಚ್ಚು ಹತ್ತಿದ್ದು ಅವರು ನಿವೃತ್ತಿಯಾದ ವರ್ಷ. ಹೆಂಡತಿ ತೀರಿಕೊಂಡಿದ್ದರು, ಮಗಳು ಹುಕ್ಕೇರಿಯ ಮನೆಯಲ್ಲಿ ಗಂಡನ ಜೊತೆ ಇದ್ದಳು. ಅಲ್ಲಿಗೆ ಬಾ ಎಂದರೆ, ರೈತರು ಇನ್ನೂ ಕರೆಯುತ್ತಾರೆ ಎಂದು ಇವರು ಮೂಡಲಗಿ ಬಿಡಲಿಲ್ಲ. ಆಗ ಹುಕ್ಕೇರಿಯ ಹತ್ತಿರದ ಹಳ್ಳಿಯಲ್ಲಿ ಒಬ್ಬರ ಕುದುರೆಯನ್ನು ಹೊಟ್ಟೆನೋವಿನಿಂದ ಉಳಿಸಿದರು. ಆ ಮನೆಯ ಮಗ ಸಿಂಗಪುರದಲ್ಲಿ ಕ್ರೇನ್ ನಡೆಸುವವ, ರಜೆಯ ಮೇಲೆ ಊರಿಗೆ ಬಂದಿದ್ದ. ಅವನು ಡಾಕ್ಟರ ಕೈಯಲ್ಲಿ ಒಂದು ಬೆಳ್ಳಿಯ ನಾಣ್ಯ ಇಟ್ಟ. ಅದರ ಮೇಲೆ ಓಡುವ ಕುದುರೆ. ಚೀನದವರಿಗೆ ವರ್ಷಕ್ಕೊಂದು ಪ್ರಾಣಿ ಇರುತ್ತದೆ, ಹನ್ನೆರಡು ವರ್ಷಕ್ಕೆ ಒಂದು ಸುತ್ತು, ಆಯಾ ವರ್ಷದ ನೆನಪಿಗೆ ಆಯಾ ಪ್ರಾಣಿಯ ನಾಣ್ಯ ಹೊಡೆಸುತ್ತಾರೆ, ಈಗ ಕುದುರೆಯ ವರ್ಷ ಎಂದು ಹೇಳಿದ.

ಡಾಕ್ಟರು ಆ ನಾಣ್ಯವನ್ನು ತಂದು ಕಟ್ಟೆಯ ಮೇಲೆ ಕುಳಿತು ನನಗೆ ತೋರಿಸಿದರು. ಕುದುರೆಯ ಮುಂಗಾಲಿನ ಮಣಿಕಟ್ಟು ನೋಡು, ಹೊಡೆದವನು ಕುದುರೆ ಸಾಕಿದವನೇ ಇರಬೇಕು ಎಂದರು. ನನಗೆ ಮಣಿಕಟ್ಟು ಕಾಣಲಿಲ್ಲ. ಕನ್ನಡಿಯಂಥ ಹೊಳಪಿನಲ್ಲಿ ನನ್ನ ಮೂಗು ಕಂಡಿತು.

ಅಂದಿನಿಂದ ವರ್ಷಕ್ಕೊಂದು. ಕೊಲ್ಹಾಪುರದ ಒಬ್ಬ ನಾಣ್ಯದ ವ್ಯಾಪಾರಿಯನ್ನು ಹುಡುಕಿದರು. ಆತ ಪೋಸ್ಟಿನಲ್ಲಿ ಕಳಿಸುತ್ತಿದ್ದ. ಕುದುರೆಯ ಮರುವರ್ಷ ಆಡು, ಆಮೇಲೆ ಮಂಗ, ಹುಂಜ, ನಾಯಿ, ಹಂದಿ. ಹಂದಿ ಬಂದಾಗ ಮಗಳು ಫೋನಿನಲ್ಲಿ ಜಗಳ ತೆಗೆದಳು, ಅದನ್ನು ಮನೆಯೊಳಗೆ ಇಡಬೇಡಿ ಎಂದು. ಹಂದಿಗೆ ಸೂಜಿ ಮಾಡಿದ ಕೈಯಿಂದಲೇ ನಿನಗೆ ಜಿಲೇಬಿ ತಂದುಕೊಟ್ಟಿದ್ದೇನೆ, ಆಗ ತಿಂದಿಲ್ಲವೇ ಎಂದು ಇವರು ಕೇಳಿದರು. ಕೊರೊನಾ ಬಂದ ವರ್ಷ ಇಲಿಯ ಪಾರ್ಸೆಲ್ಲು ನಾಲ್ಕು ತಿಂಗಳು ಎಲ್ಲೋ ಸಿಕ್ಕಿಕೊಂಡಿತ್ತು. ಇಲಿ ಬಿಲ ಸೇರಿದೆ, ಹಸಿದಾಗ ಬರುತ್ತದೆ ಎಂದು ಕಾದರು. ಆಮೇಲೆ ಎತ್ತು, ಹುಲಿ, ಮೊಲ, ಡ್ರ್ಯಾಗನ್. ತಾವು ಸೂಜಿ ಮಾಡದೆ ಉಳಿದ ಪ್ರಾಣಿ ಈ ಹನ್ನೆರಡರಲ್ಲಿ ನಾಲ್ಕೇ ಎನ್ನುತ್ತಿದ್ದರು. ಹುಲಿ ಕರೆಯಲಿಲ್ಲ, ಇಲಿ ನಿಲ್ಲಲಿಲ್ಲ, ಹಾವಿಗೆ ತನ್ನದೇ ಸೂಜಿ ಇದೆ, ಡ್ರ್ಯಾಗನ್ ಎಂಬುದು ಹುಟ್ಟೇ ಇಲ್ಲ.

ವರ್ಷಗಳ ಸರದಿ ಹಿಡಿಯಲು ಪ್ರಾಣಿಗಳು ಓಡಿದಾಗ ಇಲಿ ಎತ್ತಿನ ಬೆನ್ನೇರಿ ಬಂದು, ಕೊನೆಗೆ ಜಿಗಿದು ಮೊದಲನೆಯ ಸ್ಥಾನ ಹಿಡಿದ ಕಥೆಯನ್ನು ಅವರು ನಿಮಗೂ ಹೇಳಿದ್ದಾರೆ. ಬೆನ್ನ ಮೇಲೆ ಇಲಿ ಕುಳಿತರೂ ಬಾಲ ಬೀಸಲಿಲ್ಲ ಎಂದರೆ ಆ ಎತ್ತಿಗೆ ಜ್ವರ ಇತ್ತು ಎಂಬುದು ಅವರ ತೀರ್ಮಾನ.

ಗೋಕಾಕದ ಗೊಂಬೆ ಮಾಡುವವರ ಕಡೆ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದರು. ಹನ್ನೆರಡು ದುಂಡನೆಯ ಕುಳಿಗಳು. ಯಾವ ಕುಳಿ ಯಾವ ಪ್ರಾಣಿಯದು ಎಂದು ತಿಳಿಯಲಿ ಎಂದು ತಳದಲ್ಲಿ ಚಿತ್ರ ಬರೆಯಲು ಹೇಳಿದ್ದರು. ಗೊಂಬೆಯವರು ತಮ್ಮ ಕಟ್ಟಿಗೆಯ ಹಣ್ಣುಗಳಿಗೆ ಬಳಿಯುವ ಕೆಂಪು ಹಳದಿ ಬಣ್ಣದಲ್ಲಿ ಬರೆದುಕೊಟ್ಟರು. ಡ್ರ್ಯಾಗನ್ ಅವರು ಕಂಡದ್ದಿಲ್ಲ, ಗುಡಿಯ ಕಂಬದ ಮೇಲಿನ ಯಾಳಿಯನ್ನು ಬರೆದಿದ್ದರು. ಡಾಕ್ಟರಿಗೆ ಅದು ನಾಣ್ಯಕ್ಕಿಂತ ಹೆಚ್ಚು ಹಿಡಿಸಿತು. ನಾಣ್ಯ ಬಂದ ಮೇಲೂ ಎತ್ತಿ ಎತ್ತಿ ಕೆಳಗಿನ ಯಾಳಿಯನ್ನು ನೋಡುತ್ತಿದ್ದರು.

ನೋಡಲು ಬಂದವರಿಗೆ ಅವರದೊಂದು ಕಟ್ಟಳೆ. ಕೈ ತೊಳೆದು ಒರೆಸಿಕೊಂಡು ಕೂಡಬೇಕು. ನಾಣ್ಯ ಪ್ಲಾಸ್ಟಿಕ್ಕಿನ ದುಂಡು ಡಬ್ಬಿಯಿಂದ ಹೊರಬಂದರೆ ಎರಡು ಬೆರಳಲ್ಲಿ ಅಂಚು ಹಿಡಿಯಬೇಕು. "ಅಂಚು ಹಿಡೀರಿ, ಮಾರಿ ಮುಟ್ಟಬ್ಯಾಡ್ರಿ." ಒರೆಸಬಾರದು, ಉಜ್ಜಬಾರದು, ಊದಲೂ ಬಾರದು. ಪೂಜೆಗಂತೂ ಇಲ್ಲವೇ ಇಲ್ಲ. ಎತ್ತಿನ ನಾಣ್ಯ ಬಂದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಅದನ್ನು ನಮ್ಮ ಮಣ್ಣಿನ ಎತ್ತುಗಳ ಜೊತೆ ಇಡೋಣವೇ ಎಂದು ನಾನು ಧೈರ್ಯ ಮಾಡಿ ಕೇಳಿದ್ದೆ. ಇದು ದೇವರಲ್ಲ ತಂಗೆವ್ವ, ಚಿತ್ರ, ಕುಂಕುಮ ಬಿದ್ದರೆ ಕೆಡುತ್ತದೆ ಎಂದು ನಕ್ಕು ಪೆಟ್ಟಿಗೆ ಮುಚ್ಚಿದರು. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಮರೆತು ಮಾಡಿದೆ ಎಂದು ನಾನು ಹೇಳಲಾರೆ.

ಹೋದ ವರ್ಷ ಹಾವಿನದು. ಅದೊಂದು ಬಂದರೆ ಸುತ್ತು ಪೂರ್ತಿ. ಆದರೆ ಹಾವು ಬೇಸಿಗೆ ಕಳೆದರೂ ಬರಲಿಲ್ಲ. ಕೊಲ್ಹಾಪುರದವ ಒಮ್ಮೆ ತಪ್ಪಿ ಬೇರೆ ನಾಣ್ಯ ಕಳಿಸಿದ, ಇವರು ಮರಳಿಸಿದರು. ಅಷ್ಟರಲ್ಲಿ ಡಾಕ್ಟರಿಗೆ ಹೊಟ್ಟೆಯಲ್ಲಿ ನೋವು ಎದ್ದಿತು. ಪಿತ್ತದ ಚೀಲದಲ್ಲಿ ಹರಳು, ಬೆಳಗಾವಿಯಲ್ಲಿ ಕೊಯ್ಯಬೇಕು ಎಂದರು. ಸಕ್ಕರೆ ಕಾಯಿಲೆ ಬೇರೆ, ವಯಸ್ಸು ಎಪ್ಪತ್ತು ದಾಟಿತ್ತು. ಹನ್ನೊಂದು ವರ್ಷ ಕಾದು ಹನ್ನೆರಡನೆಯದನ್ನು ನೋಡದೆ ಹೋಗುತ್ತೇನೇನೋ ಎಂದು ಬಸ್ ಸ್ಟ್ಯಾಂಡಿನಲ್ಲಿ ನಗುತ್ತಲೇ ಅಂದರು. ಅವರು ನಗುತ್ತಾ ಅಂದ ಮಾತುಗಳಲ್ಲಿ ಅದೊಂದು ನಗೆಯಾಗಿರಲಿಲ್ಲ. ಮನೆಯ ಕೀಲಿ ನನ್ನ ಕೈಗೆ ಕೊಟ್ಟು, ಪಾರ್ಸೆಲ್ ಬಂದರೆ ತೆಗೆದಿಡು ಎಂದರು.

ಪಾರ್ಸೆಲ್ ಬಂದದ್ದು ನಾಗರ ಪಂಚಮಿಯ ಹಿಂದಿನ ದಿನ. ಆಪರೇಷನ್ ಇದ್ದದ್ದು ಪಂಚಮಿಯ ದಿನವೇ. ನಾನು ಅವರ ಮಗಳಿಗೆ ಫೋನ್ ಮಾಡಿದೆ, ಡಾಕ್ಟರು ಅವಳ ಕೈಯಿಂದ ಇಸಿದುಕೊಂಡರು. ಬಿಚ್ಚಿ ನೋಡು, ಹಾವು ಹೌದೋ ಅಲ್ಲೋ ಹೇಳು ಎಂದರು. ಬಿಚ್ಚಿದೆ. ಹೂವಿನ ಕೊಂಬೆಗೆ ಸುತ್ತಿಕೊಂಡ ಹಾವು, ಹೆಡೆ ಇಲ್ಲ, ಆದರೆ ಹಾವೇ. ಹೌದ್ರಿ ಎಂದೆ. ಆ ಕಡೆ ಒಂದು ದೊಡ್ಡ ಉಸಿರು ಕೇಳಿಸಿತು. "ಆತು ಹಂಗಾರ. ಈಗ ಕೊಯ್ಯಲಿ ಬಿಡು," ಎಂದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮಣ್ಣಿನ ನಾಗಪ್ಪನನ್ನು ಮಣೆಯ ಮೇಲೆ ಇಟ್ಟೆ. ಶೇಂಗಾ ಉಂಡಿ, ಜೋಳದ ಅಳ್ಳು ಇಟ್ಟೆ. ಒಣಕೊಬ್ಬರಿಯ ಬಟ್ಟಲಲ್ಲಿ ಹಾಲು ತುಂಬಿದೆ. ನಮ್ಮಲ್ಲಿ ಹಾಲೆರೆಯುವ ರೀತಿ ನಿಮಗೆ ಗೊತ್ತು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಸಲ ಎರೆಯಬೇಕು. ಎರೆಯಲು ಕುಳಿತವಳಿಗೆ ಆ ಕಡೆ ಕಪಾಟಿನ ಮೇಲೆ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಸುತ್ತಿಕೊಂಡು ಮಲಗಿದ್ದ ಹಾವು ಕಂಡಿತು. ಪಂಚಮಿಗೆ ಸರಿಯಾಗಿ, ಅದೂ ಅವರನ್ನು ಕೊಯ್ಯುವ ದಿನ, ಮನೆಗೆ ಬಂದ ನಾಗಪ್ಪ. ಮಣ್ಣಿನವನಿಗೆ ಹಾಲು, ಬೆಳ್ಳಿಯವನಿಗೆ ಉಪವಾಸ. ನನ್ನಿಂದ ಸುಮ್ಮನೆ ಕೂಡಲಾಗಲಿಲ್ಲ. ಅದು ಚಿತ್ರ ಎಂದು ಗೊತ್ತು, ಅವರು ಬೇಡ ಎನ್ನುತ್ತಾರೆಂದೂ ಗೊತ್ತು. ಆದರೂ ಎದ್ದು ಡಬ್ಬಿ ಬಿಚ್ಚಿದೆ. ಅಂಚು ಹಿಡಿದೇ ತೆಗೆದೆ. ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲ್ಲರ ಪಾಲೂ ಎರೆದೆ. ನಿಮ್ಮಿಬ್ಬರದೂ ಎರೆದೆ. ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು, ಡಾಕ್ಟರ ಪಾಲು ಎಂದು ಹಾವಿನ ಮೇಲೇ ಬಗ್ಗಿಸಿದೆ.

ಮಧ್ಯಾಹ್ನ ಮಗಳ ಫೋನ್ ಬಂತು. ಎಲ್ಲ ಸುಸೂತ್ರ, ಎಚ್ಚರವಾಗಿದೆ ಎಂದಳು. ಆ ಸಂತೋಷದಲ್ಲಿ ನಾಣ್ಯ ಮಣೆಯ ಮೇಲೆಯೇ ಉಳಿಯಿತು. ಸಂಜೆ ನೋಡುತ್ತೇನೆ, ಹಾಲು ಒಣಗಿ ಕುಂಕುಮದ ಜೊತೆ ಸೇರಿ ಹಾವಿನ ಬೆನ್ನಿಗೆ ಅಂಟಿದೆ. ಬಿಸಿನೀರಲ್ಲಿ ತೊಳೆದೆ. ಕಲೆ ಹೋಗಲಿಲ್ಲ. ಬೆಳ್ಳಿ ಮಾಸಿದರೆ ನಾವೇನು ಮಾಡುತ್ತೇವೆ? ದೀಪದ ಸಮೆ, ಆರತಿ ತಟ್ಟೆ ಬೆಳಗಿದಂತೆಯೇ ಹುಣಸೆಹಣ್ಣು ಹಚ್ಚಿ, ಮೇಲೆ ಒಲೆಯ ಬೂದಿ ಹಾಕಿ, ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿದೆ. ಕಲೆ ಹೋಯಿತು. ಕಲೆಯ ಜೊತೆ ಕನ್ನಡಿಯೂ ಹೋಯಿತು. ನನ್ನ ಮೂಗು ಕಾಣಬೇಕಾದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಗೀರುಗಳು ನೂರಾರು, ಹಳೆಯ ಚಮಚದಂತೆ.

ನಾನು ಅದನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಎರಡು ದಿನ ಬಿಟ್ಟು ಡಾಕ್ಟರೇ ಫೋನ್ ಮಾಡಿದರು. ದನಿ ಬಾವಿಯೊಳಗಿಂದ ಬಂದಂತಿತ್ತು. "ಹಾವು ಹೆಂಗೈತಿ?" ಎಂದು ಕೇಳಿದರು. ನಾನು "ಐತ್ರಿ" ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಹೊಲಿಗೆ ಬಿಚ್ಚುವವರೆಗೆ ಹುಕ್ಕೇರಿಯಲ್ಲಿರುತ್ತೇನೆ, ಆಮೇಲೆ ಬಂದು ನಾನೇ ನನ್ನ ಕೈಯಿಂದ ಅದನ್ನು ಹನ್ನೆರಡನೆಯ ಕುಳಿಯಲ್ಲಿ ಕೂಡಿಸುತ್ತೇನೆ ಎಂದರು.

ಮುಂದಿನ ಹತ್ತು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ನಿಮ್ಮ ಅವ್ವನಿಗೂ ಹೇಳಲಿಲ್ಲ. ಹಾಲು ಕರೆಯುವಾಗ ಆ ಕುಂಟ ಎಮ್ಮೆಯ ನೆನಪು. ಅವರು ನನಗೆ ಉಳಿಸಿಕೊಟ್ಟದ್ದು ಏನು, ನಾನು ಅವರಿಗೆ ಕಾಯ್ದುಕೊಟ್ಟದ್ದು ಏನು.

ಹನ್ನೊಂದನೆಯ ದಿನ ನಾಣ್ಯವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಗೋಕಾಕಕ್ಕೆ ಬಂದೆ. ನಿಮ್ಮ ಮನೆಗೆ ಬರಲಿಲ್ಲ, ಸಿಟ್ಟಾಗಬೇಡಿ. ಸೀದಾ ಬೆಳ್ಳಿಬಂಗಾರದ ಕೆಲಸದ ಒಬ್ಬ ಪತ್ತಾರರ ಅಂಗಡಿಗೆ ಹೋದೆ. ಮೊದಲಿನ ಹಾಗೆ ಹೊಳಪು ತಂದುಕೊಡಿ ಎಂದು ಕೇಳಬೇಕಿತ್ತು. ಸೆರಗಿನ ಗಂಟನ್ನಷ್ಟೇ ಬಿಚ್ಚಿದೆ, ಅವರೇ ಕೈ ಚಾಚಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಹೊಳಪು ಬರತೈತ್ರಿ ಅವ್ವಾರ. ಆದ್ರ ಹಾವು ಹೋಗತೈತಿ," ಎಂದರು. ಮಷಿನ್ನಿಗೆ ಹಿಡಿದರೆ ಗೀರು ಹೋಗುವಷ್ಟು ಬೆಳ್ಳಿ ಸವೆಯಬೇಕು, ಹಾವಿನ ಮೈಮೇಲಿನ ಹುರುಪೆಗಳೆಲ್ಲ ಅಳಿಸಿ ಅದು ಹಗ್ಗದಂತೆ ಆಗುತ್ತದೆ ಎಂದು ಬಿಡಿಸಿ ಹೇಳಿದರು. ಹೊಳೆಯುವ ಹಗ್ಗ ಒಯ್ದು ಕೊಟ್ಟರೆ ಆ ಮನುಷ್ಯನ ಕಣ್ಣು ಮೋಸ ಹೋದೀತೇ? ಕುದುರೆಯ ಮಣಿಕಟ್ಟು ಕಂಡ ಕಣ್ಣು ಅದು. ಮುಚ್ಚಿಡುವ ದಾರಿ ಅಲ್ಲಿಗೆ ಮುಗಿಯಿತು. ನಾಣ್ಯ ಇಸಿದುಕೊಂಡು, ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು, ಮೂಡಲಗಿಗೆ ಮರಳುವ ಬಸ್ಸು ಬಿಟ್ಟು ಹುಕ್ಕೇರಿಯ ಬಸ್ಸು ಹತ್ತಿದೆ. ಸಕ್ಕರೆ ಕಾಯಿಲೆಯವರಿಗೆ ಕರದಂಟು ಒಯ್ಯುತ್ತಿದ್ದೇನೆ ಎಂಬುದು ಘಟಪ್ರಭಾ ದಾಟಿದ ಮೇಲೆ ನೆನಪಾಯಿತು.

ಡಾಕ್ಟರು ಪಡಸಾಲೆಯ ಮಂಚದ ಮೇಲೆ ಕುಳಿತಿದ್ದರು. ಅಂಗಿಯ ಕೊರಳು ದೊಡ್ಡದಾದಂತೆ ಕಂಡಿತು. ಬಾ ತಂಗೆವ್ವ ಎಂದು ಮಕ್ಕಳಂತೆ ಖುಷಿಪಟ್ಟರು. ಮಗಳು ಚಿಕ್ಕಮ್ಮನನ್ನು ಕರೆದಂತೆ ಕಾಕು ಕಾಕು ಎಂದು ಚಹಾ ಕೊಟ್ಟಳು, ಕರದಂಟು ತಾನೇ ತಿಂದಳು. ಎಮ್ಮೆಯ ಮಾತಾಯಿತು, ಓಣಿಯ ಮಾತಾಯಿತು. ನಾನು ಹೂಂ, ಇಲ್ಲರಿ ಎನ್ನುತ್ತಾ ಕುಳಿತೆ. ಹೊತ್ತು ಇಳಿಯಿತು. ಡಾಕ್ಟರ ಊಟದ ಹೊತ್ತಾಯಿತು, ನನ್ನ ಕೊನೆಯ ಬಸ್ಸಿನ ಹೊತ್ತೂ ಆಯಿತು. ಮಗಳು ತಾಟು ಹಾಕಲು ಒಳಗೆ ಹೋದಳು. ನಾನು ಸೆರಗಿನ ಗಂಟು ಬಿಚ್ಚಿ ನಾಣ್ಯವನ್ನು ಹಾಸಿಗೆಯ ಮೇಲಿಟ್ಟೆ.

"ಪಂಚಮಿ ದಿನ ಹಾಲು ಎರದ್ನಿರಿ," ಎಂದೆ. "ಆಮ್ಯಾಲ ಬೂದಿ ಹಚ್ಚಿ ತಿಕ್ಕಿದ್ನಿರಿ."

ಅವರು ಒಮ್ಮೆ ನೋಡಿದರು. ಮುಟ್ಟಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರು ಬೈದಿದ್ದರೆ ನಾನು ಕೇಳಿಕೊಂಡು ಎದ್ದು ಬರುತ್ತಿದ್ದೆ. ಒಳಗೆ ಮಗಳು ತಾಟು ಇಟ್ಟ ಸದ್ದು, ಲೋಟ ಇಟ್ಟ ಸದ್ದು ಎಲ್ಲ ಕೇಳಿಸಿತು. ಅವಳು ಹೊರಗೆ ಬಂದು, ಏನಾಯಿತೆಂದು ತಿಳಿಯದೆ ನಿಂತಳು.

"ಭಿಂಗ ತಗೊಂಡ ಬಾ," ಎಂದರು ಮಗಳಿಗೆ. ಭಿಂಗ ಎಂದರೆ ಅವರ ಮರಾಠಿಯಲ್ಲಿ ಭೂತಗನ್ನಡಿ.

ಎರಡು ಬೆರಳಲ್ಲಿ ಅಂಚು ಹಿಡಿದು ನಾಣ್ಯವನ್ನು ಎತ್ತಿದರು. ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಎಮ್ಮೆಯ ಸೊಂಟ ನೋಡಿದಷ್ಟೇ ಹೊತ್ತು.

"ಕೇಳಬೇಕಿತ್ತು ನೀ."

"ಕೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ ಮತ್ತ." ಮತ್ತೆ ಸ್ವಲ್ಪ ಹೊತ್ತು ನೋಡಿದರು. "ಯಾರ್ಯಾರ ಪಾಲು ಎರದಿ?"

ಎಲ್ಲರನ್ನೂ ಹೇಳಿದೆ. ಕಡೆಯದು ನಿಮ್ಮದು ಎಂದೆ. ಎಷ್ಟು ಹೊತ್ತಿಗೆ ಎಂದು ಕೇಳಿದರು. ಹನ್ನೊಂದರ ಸುಮಾರಿಗೆ ಎಂದೆ. ಆ ಹೊತ್ತಿಗೆ ನನ್ನ ಹೊಟ್ಟೆ ತೆರೆದಿತ್ತು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಹಾಲಿನಿಂದ ಉಳಿದೆ ಎಂದು ಅವರು ಅನ್ನಲಿಲ್ಲ, ಅಂಥದ್ದನ್ನು ಅನ್ನುವ ಮನುಷ್ಯ ಅಲ್ಲ. ಭಿಂಗವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಗುಣಾ ಆಗೂದಿಲ್ಲ," ಎಂದರು.

ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಒಂದು ಉಸಿರಿನಷ್ಟು ಹೊತ್ತು ನನ್ನ ಜೀವ ಅಲ್ಲೇ ನಿಂತಿತ್ತು.

"ಸಾಯೂದೂ ಇಲ್ಲ. ಮನ್ಯಾಗ ಇರಲಿ."

ನನಗೆ ಅಳು ಬಂತು. ನಿಮ್ಮ ಅಜ್ಜ ಹೋದ ಮೇಲೆ ಇನ್ನೊಬ್ಬರ ಎದುರು ನಾನು ಅತ್ತದ್ದು ಅದೊಂದೇ ಸಲ. ಹಾಲು ಎರೆದದ್ದಕ್ಕೆ ಸಿಟ್ಟಿಲ್ಲ, ಫೋನಿನಲ್ಲಿ ಐತಿ ಎಂದೆಯಲ್ಲ, ಅದಕ್ಕೆ ಸಿಟ್ಟಿದೆ ಎಂದರು. "ಇತ್ತಲ್ರಿ ಮತ್ತ," ಎಂದುಬಿಟ್ಟೆ. ಹೇಗೆ ಬಾಯಿಂದ ಬಂತೋ. ಅವರು ನಗತೊಡಗಿದರು. ಹೊಲಿಗೆ ನೋಯುತ್ತದೆ, ನಗಿಸಬೇಡ ಎಂದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ನನ್ನನ್ನು ಆ ದಿನ ಹೋಗಗೊಡಲಿಲ್ಲ. ಹನ್ನೊಂದು ದಿನದ ಮೇಲೆ ನಾನು ಅಲ್ಲಿ ಎರಡು ರೊಟ್ಟಿ ತಿಂದೆ, ಮೂರನೆಯದನ್ನೂ ಹಾಕಿಸಿಕೊಂಡೆ.

ದಸರೆಯ ಮುಂದೆ ಮೂಡಲಗಿಗೆ ಬಂದು ಅವರ ಕೈಯಿಂದಲೇ ಹಾವನ್ನು ಹನ್ನೆರಡನೆಯ ಕುಳಿಯಲ್ಲಿ ಕೂಡಿಸಿದರು. ಪ್ಲಾಸ್ಟಿಕ್ಕಿನ ಡಬ್ಬಿ ಇಲ್ಲದೆ, ಬರಿಮೈಯಲ್ಲಿ. ಇದಕ್ಕೆ ಇನ್ನು ಯಾರ ಅಂಜಿಕೆ ಎಂದರು. ಇದೊಂದು ಏಕೆ ಮಾಸಿದೆ ಎಂದು ನೋಡಿದವರೆಲ್ಲ ಕೇಳುವರು. ಇದಕ್ಕೆ ಹಾಲು ಕುಡಿಸಿದ್ದಾರೆ, ಉಳಿದ ಹನ್ನೊಂದು ಉಪವಾಸ ಇವೆ ಎನ್ನುವರು. ಯಾರು ಕುಡಿಸಿದರು ಎಂದು ಕೊನೆಯವರೆಗೂ ಹೇಳಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದಾಗಲೂ ನನ್ನ ಕಡೆ ನೋಡುತ್ತಿರಲಿಲ್ಲ.

ಈ ವರ್ಷ ಕುದುರೆ ತಿರುಗಿ ಬಂತು. ಹೊಸ ಕುದುರೆ ಬಂದಿದೆ, ಕಳಿಸಲೇ ಎಂದು ಕೊಲ್ಹಾಪುರದಿಂದ ಫೋನ್ ಬಂದಿತ್ತು. ನನ್ನ ಸುತ್ತು ಮುಗಿಯಿತು, ಬೇರೆ ಯಾರಿಗಾದರೂ ಕೊಡಿ ಎಂದರಂತೆ. ಆಮೇಲೆ ಪೆಟ್ಟಿಗೆ ಸಮೇತ ಮಗಳ ಮನೆಗೆ ಹೋದರು. ಹೋಗುವಾಗ ಎಮ್ಮೆಯ ಬೆನ್ನು ತಟ್ಟಿ ಮರಾಠಿಯಲ್ಲಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲ, ಎಮ್ಮೆ ಸುಮ್ಮನೆ ನಿಂತಿತ್ತು.

ಅವರ ಸೂತಕದ ದಿನಗಳೆಲ್ಲ ಮುಗಿದ ಮೇಲೆ ಮಗಳೇ ಬಂದು ಈ ಬಟ್ಟೆಯ ಚೀಲ ಕೊಟ್ಟಳು. ಹಾವು ತಂಗೆವ್ವನಿಗೆ ಎಂದು ಮೊದಲೇ ಹೇಳಿಟ್ಟಿದ್ದರಂತೆ. ಹನ್ನೆರಡು ಒಂದು ಕಡೆ ಇರಬೇಕಲ್ಲ, ಕುಳಿ ಖಾಲಿಯಾಗುತ್ತದೆ ಎಂದು ನಾನು ಹಿಂದೆಮುಂದೆ ನೋಡಿದೆ. ಖಾಲಿ ಕಾಣುವುದಿಲ್ಲ ಕಾಕು, ತಳದಲ್ಲಿ ಗೋಕಾಕದವರು ಬರೆದ ಕೆಂಪು ಹಾವು ಇದೆಯಲ್ಲ ಎಂದಳು. ಅದನ್ನೂ ಅವರೇ ಹೇಳಿಕೊಟ್ಟಿರಬೇಕು.

ಸಹನಾ, ಹಾಲು ಕುಡಿಸಿದವಳು ನಾನು. ಅವರು ಇರುವಾಗಲೇ ಅವರಿಗೆ ಹೇಳಿದೆ, ಈಗ ನಿಮಗೂ ಹೇಳಿದೆ. ಆ ದಿನ ಗೋಕಾಕದಿಂದ ಮೂಡಲಗಿಯ ಬಸ್ಸನ್ನೇ ಹತ್ತಿದ್ದರೆ ಇವತ್ತು ಈ ಚೀಲವನ್ನು ನಾನು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಆದ್ದರಿಂದ ಅವರು ಇಲ್ಲ ಎಂಬ ದುಃಖ ಇದ್ದರೂ ನನ್ನ ಎದೆಯ ಮೇಲೆ ಭಾರವಿಲ್ಲ.

ನಾಣ್ಯವನ್ನು ಹೊಳಪು ಮಾಡಿಸಲು ಹೋಗಬೇಡಿ. ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆಯಿರಿ, ಒಂದು ಪಾಲು ಡಾಕ್ಟರದು ಎಂದು ಎರೆಯಿರಿ. ಈ ಹಾಳೆಗಳನ್ನು ಅದೇ ಚೀಲದಲ್ಲಿ ನಾಣ್ಯದ ಜೊತೆಗೆ ಇಡುತ್ತೇನೆ. ಜೋಪಾನ ಮಾಡಿ. ನನ್ನ ಅಕ್ಷರ ಪೆನ್ಸಿಲಿನದು, ಬೆರಳು ತಾಗಿದರೆ ಅಳಿಸುತ್ತದೆ. ಓದಬೇಕೆನಿಸಿದಾಗ ಕೈ ತೊಳೆದು, ಒರೆಸಿಕೊಂಡು, ಅಂಚು ಹಿಡಿದು ತೆಗೆಯಿರಿ.